ಜೀವಕೋಶಕ್ಕೂ ಬೇಕು ಸಿಗ್ನಲ್

ಹೊಳೆಆಲೂರು ನಿಲ್ದಾಣದಲ್ಲಿ ನಿಂತ ರೈಲು ಹಸಿರು ಸಿಗ್ನಲ್ ಬಿದ್ದ ಮೇಲಷ್ಟೇ ಬಾದಾಮಿಯ ಕಡೆಗೆ ಹೊರಡುತ್ತದೆ. ಮುಂದಿನ ಹಳಿ ಖಾಲಿ ಇದೆಯೆಂಬ ಖಾತ್ರಿಯಿಲ್ಲದೆ ಯಾವ ಚಾಲಕನೂ ಗಾಡಿ ಬಿಡುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುವ ಈ ನಿಯಮ ದೇಹದ ಜೀವಕೋಶಗಳಿಗೂ ಉಂಟು. ಅದು ಕೆಟ್ಟಾಗ ಬರುವ ರೋಗಗಳಲ್ಲಿ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ, ಒಂದು.

ಮೂಳೆಯೊಳಗಿನ ಮಜ್ಜೆಯೇ ರಕ್ತಕಣಗಳ ಕಾರ್ಖಾನೆ. ಕೆಂಪು ಕಣಗಳೇ ಸೆಕೆಂಡಿಗೆ ಸುಮಾರು 20 ಲಕ್ಷದಂತೆ ಅಲ್ಲಿ ತಯಾರಾಗುತ್ತವೆ. ಒಂದು ಕೋಶ ಎರಡಾಗಬೇಕಾದರೆ ನಾಲ್ಕು ಹಂತಗಳನ್ನು ದಾಟಬೇಕು: ಬೆಳೆಯುವುದು, ಡಿ.ಎನ್.ಎ.ಯ ಪ್ರತಿ ತೆಗೆಯುವುದು, ಪ್ರತಿಯಲ್ಲಿ ತಪ್ಪಿದೆಯೇ ಎಂದು ನೋಡುವುದು, ಕೊನೆಗೆ ಇಬ್ಭಾಗವಾಗುವುದು. ಇದಕ್ಕೆ ಕೋಶಚಕ್ರ ಎಂದು ಹೆಸರು.

ಈ ಚಕ್ರವನ್ನು ಮುಂದೆ ತಳ್ಳುವುದು ಎರಡು ಬಗೆಯ ಪ್ರೋಟೀನುಗಳು. ಒಂದು ಸೈಕ್ಲಿನ್, ಇನ್ನೊಂದು ಸಿ.ಡಿ.ಕೆ. ಎರಡೂ ಜೊತೆಯಾದರೆ ಮಾತ್ರ ಗಾಡಿ ಚಲಿಸುತ್ತದೆ. 1982ರಲ್ಲಿ ಬ್ರಿಟನ್ನಿನ ಟಿಮ್ ಹಂಟ್ ಸೀ ಅರ್ಚಿನ್ ಎಂಬ ಕಡಲಜೀವಿಯ ಮೊಟ್ಟೆಗಳನ್ನು ಪರೀಕ್ಷಿಸುವಾಗ, ಕೋಶ ಒಡೆದಾಗಲೆಲ್ಲ ಮಾಯವಾಗಿ ಮತ್ತೆ ಹುಟ್ಟುವ ಪ್ರೋಟೀನೊಂದನ್ನು ಕಂಡರು. ಅದೇ ಸೈಕ್ಲಿನ್. ಅವರಿಗೆ, ಪಾಲ್ ನರ್ಸ್ ಮತ್ತು ಲೆಲ್ಯಾಂಡ್ ಹಾರ್ಟ್‌ವೆಲ್ ಅವರಿಗೆ 2001ರ ನೊಬೆಲ್ ಪ್ರಶಸ್ತಿ ಸಂದಿತು.

ಮುಂದೆ ತಳ್ಳುವವರಿದ್ದಂತೆ ತಡೆಯುವವರೂ ಇದ್ದಾರೆ. ಪಿ 16 ಎಂಬ ಪ್ರೋಟೀನು ಸಿ.ಡಿ.ಕೆ.ಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಡಿ.ಎನ್.ಎ.ಗೆ ಪೆಟ್ಟು ಬಿದ್ದಿದ್ದರೆ ಪಿ 53 ಎಂಬುದು ಕೋಶವನ್ನು ತಡೆಯುತ್ತದೆ. ರಿಪೇರಿ ಆಗದಿದ್ದರೆ ಸಾಯಿಸುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ‘ಟಿ’ ಬಗೆಯಲ್ಲಿ, ಅರ್ಧಕ್ಕಿಂತ ಹೆಚ್ಚು ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ ಪಿ 16ರ ಜೀನ್ ಕಳೆದುಹೋಗಿರುತ್ತದೆ. ಕೆಂಪು ಸಿಗ್ನಲ್ಲೇ ಇಲ್ಲದ ದಾರಿಯಲ್ಲಿ ಎಳೆಯ ಬಿಳಿಕಣಗಳು ಲೆಕ್ಕವಿಲ್ಲದೆ ಹೆಚ್ಚುತ್ತವೆ. ಮಜ್ಜೆಯಲ್ಲಿ ಉಳಿದ ಕಣಗಳಿಗೆ ಜಾಗವಿರುವುದಿಲ್ಲ. ಮಗು ಬಿಳಿಚಿಕೊಳ್ಳುವುದು, ಪದೇ ಪದೇ ಜ್ವರ, ಮೈಮೇಲೆ ನೀಲಿ ಕಲೆ, ವಸಡಿನಲ್ಲಿ ರಕ್ತ, ಮೂಳೆನೋವು ಕಾಣುವುದು ಹೀಗೆ. ಇವು ಬೇರೆ ಕಾಯಿಲೆಗಳಲ್ಲೂ ಬರಬಹುದು. ಆದರೆ ವಾರಗಟ್ಟಲೆ ಉಳಿದರೆ ರಕ್ತಪರೀಕ್ಷೆ ಮಾಡಿಸಲೇಬೇಕು.

ಔಷಧಿಗಳು ಪೆಟ್ಟು ಕೊಡುವುದೂ ಈ ಚಕ್ರಕ್ಕೇ. ಅಂಗಳದಲ್ಲಿ ಅರಳುವ ನಿತ್ಯಪುಷ್ಪದಿಂದ ಪಡೆಯುವ ವಿನ್‌ಕ್ರಿಸ್ಟಿನ್, ಕೋಶ ಇಬ್ಭಾಗವಾಗುವ ಗಳಿಗೆಯಲ್ಲಿ ಅದನ್ನು ತಡೆಯುತ್ತದೆ. (ಗಿಡ ವಿಷಕಾರಿ, ಎಲೆ ಅರೆದು ಕುಡಿಸುವುದು ಅಪಾಯ.) ಮೆಥೊಟ್ರೆಕ್ಸೇಟ್ ಡಿ.ಎನ್.ಎ. ಪ್ರತಿಯಾಗುವುದನ್ನೇ ನಿಲ್ಲಿಸುತ್ತದೆ. ಈ ಬಗೆಯ ಔಷಧಿಗಳ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ.

ತಂದೆತಾಯಿಗಳು ತಿಳಿಯಬೇಕಾದ ಮುಖ್ಯ ಸಂಗತಿ ಇಲ್ಲಿದೆ. ಇಂಥ ಔಷಧಿಗಳು ಓಡುತ್ತಿರುವ ಗಾಡಿಯನ್ನು ಕೆಡವುತ್ತವೆ. ಶೆಡ್ಡಿನಲ್ಲಿ ಸುಮ್ಮನೆ ನಿಂತ ಗಾಡಿ ತಪ್ಪಿಸಿಕೊಳ್ಳಬಹುದು. ರೋಗ ಪತ್ತೆಯಾಗುವ ಹೊತ್ತಿಗೆ ದೇಹದಲ್ಲಿ ಸುಮಾರು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. ಮೊದಲ ತಿಂಗಳ ಚಿಕಿತ್ಸೆಯ ನಂತರ ಮಗು ಆಟಕ್ಕಿಳಿಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಸರಿಯಾಗಿ ಕಾಣುತ್ತದೆ. ಆಗಲೂ ಸಾವಿರ ಕೋಟಿಯವರೆಗೆ ಕೋಶಗಳು ಉಳಿದಿರಬಹುದು. ಅವುಗಳಲ್ಲಿ ಕೆಲವು ನಿದ್ರಿಸುತ್ತಿರುತ್ತವೆ. ಅವು ಎದ್ದು ಚಕ್ರಕ್ಕೆ ಬಂದಾಗಲೆಲ್ಲ ಔಷಧಿ ಕಾದಿರಬೇಕು. ಆದ್ದರಿಂದಲೇ ಈ ಚಿಕಿತ್ಸೆಗೆ 2ರಿಂದ 3 ವರ್ಷ ಬೇಕು.

ಹೊಳೆಆಲೂರಿನಂಥ ಊರಿನಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಮೇಲಿಂದ ಮೇಲೆ ಹೋಗಿಬರುವುದು ಸುಲಭವಲ್ಲ. ಕೂಲಿ ತಪ್ಪುತ್ತದೆ, ಸಾಲ ಬೆಳೆಯುತ್ತದೆ. ‘ಕೂಸು ಆರಾಮ ಆಗೇತಿ, ಇನ್ಯಾಕ ಸೂಜಿ?’ ಎನ್ನುವ ಹಿರಿಯರೂ ಮನೆಯಲ್ಲಿರುತ್ತಾರೆ. ಆದರೆ ನಡುವೆ ಬಿಟ್ಟ ಚಿಕಿತ್ಸೆಯಿಂದ ರೋಗ ಮರುಕಳಿಸಿದರೆ ಗುಣಪಡಿಸುವುದು ಬಹಳ ಕಷ್ಟ. ಪೂರ್ತಿ ಚಿಕಿತ್ಸೆ ಸಿಗುವ ಶ್ರೀಮಂತ ದೇಶಗಳಲ್ಲಿ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಬದುಕುತ್ತಿದ್ದಾರೆ.

ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಚಿಕಿತ್ಸೆಗೆ ಹೋಗುವಾಗ ಕಾರ್ಡನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೂ ಒಂದು ಮಾತು. ಈ ರೋಗ ಅಂಟುವುದಿಲ್ಲ. ಕೂದಲುದುರಿದ ಗೆಳೆಯ ತರಗತಿಗೆ ಮರಳಿದಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನು ತಪ್ಪಿಸಿಕೊಂಡ ಪಾಠದ ನೋಟ್ಸ್ ಕೊಡಿ. ನಿಮಗೇ ನೆಗಡಿ, ಜ್ವರವಿದ್ದರೆ ಮಾತ್ರ ಅಂದು ಅವನಿಂದ ದೂರವಿರಿ.