ನೀರಿಗೂ ಹದಿನೆಂಟು ವರ್ಷವೇ?

ಸ್ಕಾಚ್ ಬಾಟಲಿಯ ಮೇಲೆ ‘18’ ಎಂಬ ಅಂಕಿ ದೂರದಿಂದಲೇ ಕಾಣುತ್ತದೆ. ‘ಶೇ. 43’ ಎಂಬುದನ್ನು ಓದಲು ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿಯಬೇಕು. ದುಡ್ಡು ಕೇಳುವುದು ಮೊದಲನೆಯ ಅಂಕಿ. ಆದರೆ ನಾಲಿಗೆಗೆ ಏನು ದಕ್ಕಬೇಕು ಎಂಬುದರಲ್ಲಿ ಎರಡನೆಯದರ ಮಾತೂ ನಡೆಯುತ್ತದೆ.

ಲೆಕ್ಕ ಸರಳ. ಹೊಸ ವಿಸ್ಕಿಯನ್ನು ಓಕ್ ಪೀಪಾಯಿಗೆ ತುಂಬುವಾಗ ಸಾಮಾನ್ಯವಾಗಿ ಶೇ. 63.5ರಷ್ಟು ಮದ್ಯಸಾರವಿರುತ್ತದೆ. ಸ್ಕಾಟ್ಲೆಂಡಿನ ತಂಪು, ತೇವದ ಹವೆಯಲ್ಲಿ ವರ್ಷಕ್ಕೆ ಸುಮಾರು ಶೇ. 2 ಆವಿಯಾಗುತ್ತದೆ, ಬಲವೂ ನಿಧಾನವಾಗಿ ಇಳಿಯುತ್ತದೆ. ಹದಿನೆಂಟು ವರ್ಷಕ್ಕೆ ಶೇ. 56 ಉಳಿದಿದೆ ಎನ್ನೋಣ. ಅಂಥ 100 ಲೀಟರಿಗೆ ಸುಮಾರು 40 ಲೀಟರ್ ನೀರು ಸೇರಿಸಿದರೆ ಬಲ ಶೇ. 40ಕ್ಕೆ ಇಳಿಯುತ್ತದೆ. 700 ಮಿ.ಲೀ. ಬಾಟಲಿಗಳು 142 ಆಗಬೇಕಿದ್ದಲ್ಲಿ 200 ಆಗುತ್ತವೆ. ನಿನ್ನೆ ಮೊನ್ನೆ ಸೇರಿದ ನೀರಿಗೂ ಹದಿನೆಂಟು ವರ್ಷದ ಬೆಲೆ! ಹಾಲಿಗೆ ನೀರು ಬೆರೆಸಿದವನನ್ನು ಬೀದಿಯಲ್ಲೇ ನಿಲ್ಲಿಸಿ ಕೇಳುವ ನಾವು ಇಲ್ಲಿ ಮಾತ್ರ ‘ಎಷ್ಟು ನಯವಾಗಿದೆ’ ಎಂದು ತಲೆದೂಗುತ್ತೇವೆ.

ಶೇ. 40 ರುಚಿಯ ಹದ ಎನ್ನುವವರಿದ್ದಾರೆ. ಆ ಅಂಕಿಯನ್ನು ಗೊತ್ತುಮಾಡಿದವರು ರುಚಿ ಬಲ್ಲವರಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರ ಕುಡಿತ ತಗ್ಗಿಸಲು ಬ್ರಿಟಿಷ್ ಸರ್ಕಾರ ಹೇರಿದ ನಿರ್ಬಂಧ ಅದು. ಯುದ್ಧ ಮುಗಿಯಿತು, ಅಂಕಿ ಉಳಿಯಿತು. 2009ರ ಸ್ಕಾಚ್ ವಿಸ್ಕಿ ನಿಯಮಗಳಲ್ಲೂ ಅದೇ ಕನಿಷ್ಠ ಮಿತಿ. ಬ್ರಿಟನ್ನಿನಲ್ಲಿ ಸುಂಕ ಶುದ್ಧ ಮದ್ಯಸಾರದ ಲೆಕ್ಕದಲ್ಲಿ ಬೀಳುವುದರಿಂದ, ಬಲ ಇಳಿಸಿದರೆ ಬಾಟಲಿಯ ಸುಂಕವೂ ಇಳಿಯುತ್ತದೆ. ಕನಿಷ್ಠ ಮಿತಿಗೇ ಹೋಗಿ ನಿಲ್ಲಲು ಇಷ್ಟು ಕಾರಣ ಸಾಲದೆ?

ನೀರಿನ ಮೇಲೆ ನನಗೆ ಸಿಟ್ಟಿಲ್ಲ. ನೀರು ಬೆರೆತಾಗ ಹೊಗೆಯ ಪರಿಮಳ ಕೊಡುವ ಗ್ವಯಕಾಲ್ ಎಂಬ ಅಣು ದ್ರವದ ಮೇಲ್ಮೈಗೆ ಬರುತ್ತದೆ ಎಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಹಾಗಾದರೆ ಆ ನೀರನ್ನು ಹಾಕಬೇಕಾದವನು ಲೋಟ ಹಿಡಿದವನು. ನಾನು ಹನಿಹನಿಯಾಗಿ ಹಾಕಿ ನನ್ನ ಹದ ಹುಡುಕಬಲ್ಲೆ. ಕಂಪನಿ ಹಾಕಿದ ನೀರನ್ನು ತೆಗೆಯಲಾರೆ.

ನೀರಿನ ಜೊತೆ ಇನ್ನೊಂದು ನಷ್ಟವೂ ಬರುತ್ತದೆ. ಸುಮಾರು ಶೇ. 46ಕ್ಕಿಂತ ಕೆಳಗಿನ ವಿಸ್ಕಿ ತಂಪಾದಾಗ ಮಬ್ಬಾಗಬಹುದು. ಹಾಗಾಗದಿರಲೆಂದು ಅನೇಕ ಕಂಪನಿಗಳು ಅದನ್ನು ಮೊದಲೇ ತಣ್ಣಗಾಗಿಸಿ ಸೋಸುತ್ತವೆ. ಸೋಸುವಾಗ ಹೋಗುವುದು ನಾಲಿಗೆಗೆ ಮೈತುಂಬಿದ ಅನುಭವ ಕೊಡುವ ಜಿಡ್ಡಿನ ಅಂಶ. ಬಣ್ಣ ಸಾಲದಿದ್ದರೆ ಕ್ಯಾರಮೆಲ್ ಸೇರಿಸಲೂ ಕಾನೂನಿನ ಅನುಮತಿಯಿದೆ.

ನಂಬದವರು ಹೋಲಿಸಿ ನೋಡಲಿ. ಐಲಾ ದ್ವೀಪದ ಲಾಗವುಲಿನ್ 16 ವರ್ಷದ್ದು ಶೇ. 43, ಅದೇ ಭಟ್ಟಿಯ 12 ವರ್ಷದ್ದು ಪೀಪಾಯಿಯ ಬಲದಲ್ಲೇ, ಶೇ. 57ರ ಆಸುಪಾಸಿನಲ್ಲಿ ಬರುತ್ತದೆ. ಕಿರಿಯದರ 30 ಮಿ.ಲೀ.ಗೆ 10 ಮಿ.ಲೀ. ನೀರು ಹಾಕಿದರೆ ಎರಡೂ ಹೆಚ್ಚುಕಡಿಮೆ ಸಮಬಲ. ಪೀಪಾಯಿಗಳ ಜಾತಿ ಬೇರೆಯಾದ್ದರಿಂದ ಪರಿಮಳ ಬೇರೆಯಿರುವುದು ಸಹಜ. ಆದರೂ ನನ್ನ ನಾಲಿಗೆಯಲ್ಲಿ ಹೆಚ್ಚು ಹೊತ್ತು ನಿಂತದ್ದು ಕಿರಿಯದೇ.

ಬಹಳ ಹಳೆಯ ಪೀಪಾಯಿಗಳಲ್ಲಿ ಬಲ ತಾನಾಗಿಯೇ ಶೇ. 40ರ ಹತ್ತಿರಕ್ಕೆ ಇಳಿಯುವುದುಂಟು. ಅದಕ್ಕೆ ತಕರಾರಿಲ್ಲ. ಇಳಿದದ್ದೋ ಇಳಿಸಿದ್ದೋ ಎಂದು ಚೀಟಿ ಹೇಳದಿರುವುದಕ್ಕೆ ತಕರಾರು. ಮನಸ್ಸಿದ್ದರೆ ದಾರಿಯೂ ಇದೆ. ಐಲಾದ್ದೇ ಬುನಹಾವನ್ ಭಟ್ಟಿ 2010ರಲ್ಲಿ ತನ್ನ 12 ಮತ್ತು 18 ವರ್ಷದ ವಿಸ್ಕಿಗಳನ್ನು ಶೇ. 46.3ಕ್ಕೆ ಏರಿಸಿ, ತಣ್ಣಗಾಗಿಸಿ ಸೋಸುವುದನ್ನು ಕೈಬಿಟ್ಟಿತು.

ಫೆಲೋಶಿಪ್ ಹಣದಲ್ಲಿ ತಿಂಗಳು ದೂಡುವ ನಮ್ಮಂಥವರು ನಾಲ್ಕೈದು ಜನ ಸೇರಿ ಒಂದು ಬಾಟಲಿ ಕೊಳ್ಳುತ್ತೇವೆ. ವಯಸ್ಸಿನಷ್ಟೇ ದಪ್ಪ ಅಕ್ಷರದಲ್ಲಿ ಎರಡು ಅಂಕಿ ಅಚ್ಚಾಗಲಿ: ಪೀಪಾಯಿಯಿಂದ ಹೊರಬಂದಾಗಿನ ಬಲ, ಬಾಟಲಿಗೆ ಇಳಿದಾಗಿನ ಬಲ. ನೀರು ಎಷ್ಟೆಂದು ಗೊತ್ತಾದ ಮೇಲೆ ಬೆಲೆ ಸರಿಯೋ ತಪ್ಪೋ ನಾವೇ ಹೇಳುತ್ತೇವೆ.