ಹುಣಸೆ ಬೀಜದ ಬೆಲೆ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ನೀವು ನೋಡಿರಬಹುದು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಪಡೆದ ತೋಪು ಅದು. ಆ ಹಳೆಯ ಮರಗಳ ಮುಂದೆ ಬೆರಗಾಗುವ ನಾವು ಮನೆಯಲ್ಲಿ ಹುಣಸೆಹಣ್ಣು ಕುಟ್ಟುವಾಗ ಮಾಡುವುದೇನು? ಚೌಕಾಬಾರಕ್ಕೆಂದು ನಾಲ್ಕು ಬೀಜ ಎತ್ತಿಟ್ಟುಕೊಂಡು ಉಳಿದದ್ದನ್ನು ತಿಪ್ಪೆಗೆ ಸುರಿಯುತ್ತೇವೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಿಗೆ ಆ ಬೀಜವೇ ಬಂಡವಾಳ. ನೆನೆಸಿ ಅರೆದರೆ ಗಟ್ಟಿ ಅಂಟು. ಗೋಣಿಯ ಚಿಂದಿಯನ್ನು ಪುಡಿ ಮಾಡಿ ಅದರಲ್ಲಿ ಕಲಸಿದರೆ ‘ಕಿಟ್ಟ’. ಹಗುರ ಮರದ ತುಂಡುಗಳನ್ನು ಕೂಡಿಸಿ, ಕಿಟ್ಟ ಮೆತ್ತಿ, ಹತ್ತಿಬಟ್ಟೆ ಅಂಟಿಸಿದ ಮೇಲೆಯೇ ಬಣ್ಣದ ಕೆಲಸ.

ಇಂಥ ಕಸುಬಿಗೆ ಹೊಸ ವಿನ್ಯಾಸ ಜೀವ ತುಂಬೀತೆ? ಚನ್ನಪಟ್ಟಣದಲ್ಲಿ ತುಂಬಿದೆ. ಅದೇ ಹಾಲೆಮರ, ಅದೇ ಅರಗು. ಗೊಂಬೆಯ ಜೊತೆಗೆ ದೀಪ, ಬಳೆ, ಗೃಹಾಲಂಕಾರದ ವಸ್ತುಗಳೂ ಬಂದವು. ಮಗು ಬಾಯಿಗಿಟ್ಟರೂ ಅಂಜಬೇಕಿಲ್ಲದ ಅರಿಶಿನ, ನೀಲಿಯಂಥ ಸಸ್ಯಬಣ್ಣಗಳಿಗೆ ಗಿರಾಕಿಗಳು ದೊರೆತರು.

ಆದರೆ ಆಕಾರ ಬದಲಿಸುವುದು ಸುಲಭ, ಸಮಯಕ್ಕೆ ಬೆಲೆ ಕಟ್ಟುವುದು ಕಷ್ಟ. ಬಾಟಲಿಯ ಅಂಟು ಕ್ಷಣದಲ್ಲಿ ಕೈಗೆ ಸಿಗುತ್ತದೆ. ಬೀಜ ನೆನೆಯಬೇಕು, ಕಿಟ್ಟ ಒಣಗಬೇಕು. ಎರಡಕ್ಕೂ ಒಂದೇ ದರ ಕೊಟ್ಟರೆ ಯಾವ ಕುಶಲಕರ್ಮಿ ತಾನೆ ಅರೆಯುತ್ತ ಕುಳಿತಾನು?

ಇದಕ್ಕಾಗಿ ನಲ್ಲೂರಿನ ಬೀಜಕ್ಕೆ ಕೈಹಾಕಬೇಕಿಲ್ಲ. ಅದು ಅಲ್ಲಿಯೇ ಮೊಳೆಯಲಿ. ಹೊಲದ ಬದುವಿನ ಹುಣಸೆಯೇ ಸಾಕು. ಮುಂದಿನ ಸಲ ಗೊಂಬೆ ಕೊಳ್ಳುವಾಗ ಚೌಕಾಸಿಗೆ ಮೊದಲು ಒಂದು ಮಾತು ಕೇಳಿ: ಅಂಟು ಯಾವುದು? ಉತ್ತರ ಹುಣಸೆಯದಾದರೆ, ಕೇಳಿದಷ್ಟು ಕೊಟ್ಟುಬಿಡಿ.