ಹೆಲ್ಮೆಟ್ ಮಾರಿದವನು ಯಾವ ಸಿಗ್ನಲ್‌ನಲ್ಲೂ ಸಿಗುವುದಿಲ್ಲ
ಬೆಂಗಳೂರಿನಲ್ಲಿ ಹೆಲ್ಮೆಟ್ ತಪಾಸಣೆ ಬಿಗಿಯಾಯಿತೆಂದರೆ ಫುಟ್‌ಪಾತ್ ಮೇಲೆ ಟಾರ್ಪಾಲ್ ಹಾಸಿ ಹೆಲ್ಮೆಟ್ ರಾಶಿ ಹಾಕುವವರೂ ಹೆಚ್ಚುತ್ತಾರೆ. ಇನ್ನೂರೋ ಮುನ್ನೂರೋ ಕೊಟ್ಟರೆ ಒಂದು. ಕಿವಿ ಮುಚ್ಚದ ಆ ಪ್ಲಾಸ್ಟಿಕ್ ಬೋಗುಣಿಯ ಹಿಂದೆಯೂ ಐಎಸ್‌ಐ ಸ್ಟಿಕ್ಕರ್ ಇರುತ್ತದೆ. ಅದನ್ನು ತಲೆಗೇರಿಸಿ ನೂರು ಮಾರು ಹೋಗಿ, ಪೊಲೀಸರ ಕೈ ಅಡ್ಡ ಬರುತ್ತದೆ: ‘ಹಾಫ್ ಹೆಲ್ಮೆಟ್ ನಡಿಯಲ್ಲ ರೀ, ಐನೂರು ಕಟ್ಟಿ.’ ಮಾರಿದವನು ಅಲ್ಲೇ ಕಣ್ಣಳತೆಯಲ್ಲಿ ಚಿಲ್ಲರೆ ಎಣಿಸುತ್ತಿರುತ್ತಾನೆ.

ಪೊಲೀಸರನ್ನಷ್ಟೇ ದೂರಿ ಫಲವಿಲ್ಲ. ಅವರ ಕೈಯಲ್ಲಿರುವುದು ಮೋಟಾರು ವಾಹನ ಕಾಯ್ದೆ. ಅದು ಹಿಡಿಯುವುದು ತಲೆಯನ್ನು, ಕಾರ್ಖಾನೆಯನ್ನಲ್ಲ. ಕಾರ್ಖಾನೆಯನ್ನು ಹಿಡಿಯುವ ಕಾನೂನು ಬೇರೆ ಇದೆ. ಐಎಸ್ 4151 ಮಾನಕಕ್ಕೆ ಹೊಂದದ, ಐಎಸ್‌ಐ ಗುರುತಿಲ್ಲದ ಹೆಲ್ಮೆಟ್‌ಗಳ ತಯಾರಿಕೆ, ಆಮದು, ಮಾರಾಟ ಎಲ್ಲವೂ 2021ರ ಜೂನ್ 1ರಿಂದ ನಿಷಿದ್ಧ. 2016ರ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಾಯ್ದೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 2 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಎನ್ನುತ್ತದೆ. ಇಷ್ಟಿದ್ದೂ ನಮ್ಮ ಬೀದಿಯಲ್ಲಿ ನಡೆಯುವುದು ಐನೂರರ ಕಾನೂನೊಂದೇ.

‘ಗ್ರಾಹಕರು ಎಚ್ಚರ ವಹಿಸಬೇಕು’ ಎಂಬುದು ಅಧಿಕಾರಿಗಳ ಸಿದ್ಧ ಉತ್ತರ. ಐಎಸ್‌ಐ ಗುರುತಿನ ಕೆಳಗಿನ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬೇಕಂತೆ. ನೋಡೋಣ, ತಪ್ಪೇನಿಲ್ಲ. ಆದರೆ 2025ರಲ್ಲಿ ದೆಹಲಿಯಲ್ಲಿ 2,500ಕ್ಕೂ ಹೆಚ್ಚು ಹೆಲ್ಮೆಟ್ ಜಪ್ತಿಯಾದದ್ದು ಪರವಾನಗಿಯ ಅವಧಿ ಮುಗಿದಿದ್ದ ಅಥವಾ ರದ್ದಾಗಿದ್ದ ಒಂಬತ್ತು ತಯಾರಕರಿಂದ. ಪರವಾನಗಿ ಸತ್ತ ಮೇಲೂ ಅಚ್ಚು ನಿಲ್ಲದಿದ್ದರೆ ಅದನ್ನು ಮೊದಲು ಕಾಣಬೇಕಾದವರು ಪರವಾನಗಿ ಕೊಟ್ಟವರಲ್ಲವೇ?

ದುಬಾರಿ ಬೈಕಿನವರ ಗೋಳು ಬೇರೆ. ಯುರೋಪಿನ ಇಸಿಇ ಪರೀಕ್ಷೆ ಗೆದ್ದ ಹೆಲ್ಮೆಟ್ ಕೂಡ ಐಎಸ್‌ಐ ಇಲ್ಲದಿದ್ದರೆ ಇಲ್ಲಿ ಲೆಕ್ಕಕ್ಕಿಲ್ಲ. ಅವರ ಸಿಟ್ಟು ಅರ್ಥವಾಗುತ್ತದೆ, ನನ್ನ ಒಪ್ಪಿಗೆ ಮಾತ್ರ ಅರ್ಧ. ವಿದೇಶಿ ತಯಾರಕರಿಗೂ ಬಿಐಎಸ್ ಪರವಾನಗಿ ಕೊಡುತ್ತದೆ, ಇಲ್ಲೊಬ್ಬ ಅಧಿಕೃತ ಪ್ರತಿನಿಧಿ ಇರಬೇಕಷ್ಟೆ. ಲಾಭಕ್ಕೆ ತರಿಸುವವರು ಆ ರಗಳೆ ಬೇಡವೆಂದರೆ, ಹೆಲ್ಮೆಟ್ ಬಿರಿದ ದಿನ ಯಾರ ಬಾಗಿಲು ತಟ್ಟುವುದು?

ದಂಡದ ರಸೀದಿ ಕೊಡುವಾಗ ಪೊಲೀಸರು ಇನ್ನೊಂದು ಮಾತು ಕೇಳಲಿ: ‘ಎಲ್ಲಿ ತಗೊಂಡ್ರಿ?’ ಆ ಉತ್ತರಗಳು ವಾರಕ್ಕೊಮ್ಮೆ ಪೀಣ್ಯದ ಬಿಐಎಸ್ ಕಚೇರಿಗೆ ಹೋಗಲಿ. ಹಾಗೆಂದು ಫುಟ್‌ಪಾತ್‌ನವನ ಟಾರ್ಪಾಲ್ ಕಿತ್ತು ಕೈತೊಳೆದುಕೊಳ್ಳುವುದು ಬೇಡ. ಅವನೂ ಯಾವುದೋ ಗೋದಾಮಿನಿಂದ ಗೋಣಿಚೀಲದಲ್ಲಿ ಹೊತ್ತು ತಂದವನು. ಆ ಗೋದಾಮಿನ ವಿಳಾಸವನ್ನು ಅವನಿಂದ ಕೇಳಿಕೊಳ್ಳಲಿ.